ಒಂದು ಲೋಟ ಬಾವಿನೀರು

ಗೌರೀಶನ ಗ್ರಹಚಾರ ಒಂದು ಲೋಟ ನೀರಿನಲ್ಲಿ ಕೂತಿತ್ತು. ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದ ಅವನು ನಾಲ್ಕು ವರ್ಷ ಹೆಣಗಿ ಒಂದು ದ್ರಾವಣ ಸಿದ್ಧಪಡಿಸಿದ್ದ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ, ಲೋಹದ ಸಂಯುಕ್ತದ ಕಣಗಳು. ಖೊಟ್ಟಿ ನೋಟು ಹಿಡಿಯುವ ನೇರಳೆ ದೀಪದ ಬೆಳಕು ಬಿದ್ದರೆ ಕುಂಕುಮದಂತೆ ಹೊಳೆಯುತ್ತಿದ್ದವು. ಬೆರೆಸಿದ ನೀರಿನಲ್ಲಿ ವಿಷದ ಲೋಹವಿದ್ದರೆ ಹೊಳಪು ಆರುತ್ತಿತ್ತು.

ಆ ನಾಲ್ಕೂ ವರ್ಷ ಅವನ ಜೀವವೆಲ್ಲ ನೇಸರಗಿಯಲ್ಲಿ, ವೀರಪ್ಪನವರ ಮಗಳು ಶೈಲಜಾಳ ಮೇಲಿತ್ತು. ಅವರ ಬಾವಿಯ ನೀರು ಹೊಳೆಯಬೇಕು, ವೀರಪ್ಪನವರು ಹಿಗ್ಗಬೇಕು, ಆಗ ಹೆಣ್ಣು ಕೇಳಬೇಕು. ಇದು ಅವನ ಹಂಚಿಕೆ. ಒಂದು ದಿನ ದ್ರಾವಣ, ದೀಪ ಹಿಡಿದು ಅವರ ಮನೆಗೆ ಬಂದ.

ಶೈಲಜಾ ಗಾಜಿನ ಲೋಟದಲ್ಲಿ ನೀರು ತಂದಿಟ್ಟಳು. ಗೌರೀಶ ಅದಕ್ಕೆ ದ್ರಾವಣ ಬೆರೆಸಿ, ಕತ್ತಲೆ ಬೇಕೆಂದು ಲೋಟ, ದೀಪದ ಸಮೇತ ಕಂಬಳಿ ಮುಸುಕು ಹಾಕಿಕೊಂಡ.

"ನೀರು ನೋಡಾಕ ಬಂದಾನೋ, ಮಕ್ಕೊಳ್ಳಾಕ ಬಂದಾನೋ?" ಎಂದಳು ಪಕ್ಕದ ಮನೆಯ ಪದ್ಮವ್ವ.

ಒಳಗೆ ಹೊಳಪು ಊದಿದ ದೀಪದಂತೆ ಆರಿಹೋಯಿತು. ಸುಳ್ಳು ಹೇಳಬಹುದಿತ್ತು. ಆದರೆ ಆ ನೀರು ಕುಡಿಯುವವಳು ಶೈಲಜಾ.

"ಕಾಕಾ, ಇದರಾಗ ವಿಷದ ಲೋಹ ಐತ್ರಿ. ಕುಡೀಬ್ಯಾಡ್ರಿ."

ದೇಗಾಂವದ ತನ್ನ ಅಣ್ಣನ ಮಗನಿಗೆ ಶೈಲಜಾಳನ್ನು ತರಲು ಪದ್ಮವ್ವ ವರ್ಷದಿಂದ ವೀರಪ್ಪನವರ ಬೆನ್ನು ಹತ್ತಿದ್ದಳು. ಈಗ ಸೆರಗಿನಿಂದ ಪ್ಲಾಸ್ಟಿಕ್ ಬಾಟಲಿ ತೆಗೆದಳು. "ನಮ್ಮಣ್ಣನ ಮನಿ ನೀರು. ಮುಂಜಾನಿ ಬಸ್ಸಿಗೆ ತಂದೇನಿ. ಇದನ್ನೂ ನೋಡಪಾ."

ಅದು ಧಗಧಗ ಹೊಳೆಯಿತು.

"ಚೊಲೋ ಐತ್ರಿ," ಎಂದ ಗೌರೀಶ, ಸತ್ತ ದನಿಯಲ್ಲಿ.

"ಕೇಳಿದ್ರಿಲ್ಲೋ ವೀರಪ್ಪಣ್ಣಾ? ಹುಡುಗಿ ಇನ್ನ ಯಾಕ ಈ ವಿಷ ಕುಡೀಬೇಕು?"

ವೀರಪ್ಪನವರು ಮಗಳ ಮುಖ ನೋಡಿದರು, ಲೋಟ ನೋಡಿದರು. "ಆತವಾ, ಮಾತು ಕೊಟ್ಟೆ." ಮದುವೆ ಗೊತ್ತಾಗಿ ಎಲ್ಲರ ಬಾಯಿಗೂ ಸಕ್ಕರೆ ಬಿತ್ತು, ಗೌರೀಶನ ಬಾಯಿಗೂ.

ಅವನಿಗೆ ತಡೆಯಲಾಗಲಿಲ್ಲ. ಹಿತ್ತಲಿಗೆ ಹೋಗಿ ತಾನೇ ಬಾವಿಯಿಂದ ಸೇದಿ, ಕಂಬಳಿಯೊಳಗೆ ದೀಪ ಹಿಡಿದು ನೋಡಿದ. ಹೊಳೆಯಿತು. ಶೈಲಜಾ ಅಲ್ಲೇ ನಿಂತಿದ್ದಳು.

"ಮೊದಲಿನ ನೀರು ಯಾವದರಾಗ ಇಟ್ಟಿದ್ದಿ?"

"ತಾಮ್ರದ ತಂಬಿಗ್ಯಾಗ. ನೀವು ಬರತೀರಂತ ಹುಣಸಿಹಣ್ಣು ಹಚ್ಚಿ ಮೂರು ಸಲ ತಿಕ್ಕಿದ್ದೆ. ಹುಳಿ ಹೋತೋ ಇಲ್ಲೋ ನೋಡಲಿಲ್ಲ. ಮನಸು ತಂಬಿಗಿ ಮ್ಯಾಲೆ ಇರಲಿಲ್ಲ."

ಹುಳಿ ತಾಮ್ರವನ್ನು ನೀರಿಗೆ ಬಿಟ್ಟಿತ್ತು, ಹೊಳಪು ಆರಿದ್ದು ಅದಕ್ಕೇ; ಬಾವಿಯಲ್ಲಿ ದೋಷವಿರಲಿಲ್ಲ. ನಾಲ್ಕು ವರ್ಷ ಅವನು ತಿಳಿಯಬಯಸಿದ್ದು ಅವಳ ಮನಸ್ಸನ್ನು. ತಿಳಿಯಿತು, ಸಕ್ಕರೆ ಹಂಚಿದ ಮೇಲೆ. ಓಡಿಬಂದು ವೀರಪ್ಪನವರಿಗೆ ನೀರಿನ ಸಂಗತಿ ಎಲ್ಲ ಹೇಳಿದ.

ಅವರು ಅವನನ್ನು ಅಪ್ಪಿಕೊಂಡರು. "ಬದುಕಿಸಿದಿ ತಮ್ಮಾ. ಕೊಟ್ಟ ಮಾತು ಹೊಳ್ಳಿ ತಗೊಳ್ಳಾಕ ಬರಂಗಿಲ್ಲ. ಆದ್ರ ನಮ್ಮ ನೀರು ಚೊಲೋ ಐತಂದ್ರ ಮದಿವಿ ಇಲ್ಲೇ ಮಾಡೂಣು. ಐನೂರು ಮಂದಿ ನೀರಿನ ಜವಾಬ್ದಾರಿ ನಿಂದ."

ಗೌರೀಶ ತಲೆಯಾಡಿಸಿ ಮತ್ತೆ ಕಂಬಳಿ ಎಳೆದುಕೊಂಡ.

"ಇನ್ನೂ ನೋಡೂದು ಉಳದೈತೇನಪಾ?" ಎಂದಳು ಪದ್ಮವ್ವ.

"ಸ್ವಲ್ಪ ಐತ್ರಿ," ಎಂದಿತು ಕಂಬಳಿಯೊಳಗಿನ ಒದ್ದೆ ದನಿ.