ಇಪ್ಪತ್ತನಾಲ್ಕು ಜೇಬಿನ ಗೋಡೆಚೀಲ

ಯಾವ ಕಡತ ಕೇಳಿದರೂ ಮೂರು ನಿಮಿಷದಲ್ಲಿ ತೆಗೆದುಕೊಡುತ್ತಿದ್ದ ಮನುಷ್ಯನಿಗೆ ತನ್ನ ಕನ್ನಡಕವೇ ಸಿಗುವುದಿಲ್ಲ ಎಂದರೆ ಅದು ಮನುಷ್ಯನ ತಪ್ಪಲ್ಲ, ಮನೆಯ ತಪ್ಪು. ರಿಜಿಸ್ಟರ್ ರಾಯರು ನಿವೃತ್ತರಾದ ಮೊದಲ ವಾರವೇ ಈ ಸತ್ಯವನ್ನು ಕಂಡುಹಿಡಿದರು. (ರಿಜಿಸ್ಟರ್ ಎನ್ನುವುದು ಕಚೇರಿಯವರು ಇಟ್ಟ ಹೆಸರು. ಹೆತ್ತವರು ಇಟ್ಟ ಹೆಸರಿನಿಂದ ಕರೆಯುವವರು ಈಗ ಯಾರೂ ಉಳಿದಿಲ್ಲ.) ಮೂವತ್ತನಾಲ್ಕು ವರ್ಷ ಅವರು ದಾಖಲೆ ಕೋಣೆಯಲ್ಲಿ ಕೂತಿದ್ದರು. ಜನ ಬಂದು ಅದೆಲ್ಲಿದೆ, ಇದೆಲ್ಲಿದೆ ಎಂದು ಕೇಳುವುದು, ಇವರು ತಲೆ ಎತ್ತದೆ ಕಪಾಟಿನ ಸಂಖ್ಯೆ ಹೇಳುವುದು. ಈಗ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳುವ ಸರದಿ ಅವರದಾಗಿತ್ತು. ಅದು ಅವರಿಗೆ ಒಳಗೊಳಗೇ ನೋಯುತ್ತಿತ್ತು.

ಒಂದು ಭಾನುವಾರ ಕಾಲೇಜಿಗೆ ಹೋಗುವ ಮಗಳು ಸುಮ್ಮನೆ ಬೇಜಾರು ಕಳೆಯಲು ಅಪ್ಪ "ಎಲ್ಲಿದೆ" ಎಂದಾಗಲೆಲ್ಲ ಕ್ಯಾಲೆಂಡರಿನ ಮೇಲೆ ಒಂದೊಂದು ಗೀಟು ಎಳೆದಳು. ಮಧ್ಯಾಹ್ನದ ಊಟದ ಹೊತ್ತಿಗೆ ಹದಿನೇಳು ಗೀಟು. ಅದರಲ್ಲಿ ಒಂಬತ್ತು ಕನ್ನಡಕದವು, ಆ ಒಂಬತ್ತರಲ್ಲಿ ಎರಡು ಸಲ ಕನ್ನಡಕ ಹಣೆಯ ಮೇಲೇ ಇತ್ತು. ಹದಿನೇಳು ಸಲವೂ ಹೆಂಡತಿ ಕೊಟ್ಟ ಉತ್ತರ ಒಂದೇ: "ಡಬ್ಬದಲ್ಲಿ ನೋಡಿ."

ಡಬ್ಬ ಎಂದರೆ ಹೊಲಿಗೆಯಂತ್ರದ ಮೇಲೆ ಕೂತಿದ್ದ ಹಳೆಯ ಬಿಸ್ಕತ್ತಿನ ಡಬ್ಬ. ಕೀಲಿಕೈ, ಉಗುರುಕತ್ತರಿ, ಬಾಚಣಿಗೆ, ಟಾರ್ಚು, ಜ್ವರದ ಕಡ್ಡಿ, ಅರ್ಧ ಮುಗಿದ ಮಾತ್ರೆಪಟ್ಟಿ, ಯಾವ ಅಂಗಿಯದೆಂದು ತಿಳಿಯದ ಗುಂಡಿ, ಎಲ್ಲವೂ ಅದರೊಳಗೆ ಒಂದೇ ಸಂಸಾರ. ಹೆಂಡತಿ ಬೇರೆಲ್ಲೋ ನೋಡುತ್ತ ಕೈ ಹಾಕಿದರೆ ಬೇಕಾದ್ದೇ ಬರುತ್ತಿತ್ತು. ರಾಯರು ಕಣ್ಣು ಬಿಟ್ಟುಕೊಂಡು ಕೈ ಹಾಕಿದರೆ ಪಿನ್ನು ಚುಚ್ಚುತ್ತಿತ್ತು. ಇದು ಅರಾಜಕತೆ ಎಂದು ಅವರು ತೀರ್ಮಾನಿಸಿದರು.

ಪರಿಹಾರವೂ ಅವರೇ ಯೋಚಿಸಿದರು. ಗೋಡೆಗೆ ತೂಗುಹಾಕುವ ಒಂದು ದೊಡ್ಡ ಬಟ್ಟೆಚೀಲ, ಅದರ ಮೇಲೆ ಸಾಲುಸಾಲಾಗಿ ಇಪ್ಪತ್ತನಾಲ್ಕು ಜೇಬು, ಪ್ರತಿ ಜೇಬಿಗೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೂ ಒಂದೇ ವಸ್ತು. ಹೊಲಿಯುವವರು ತಾವೇ. ಕಚೇರಿಯಲ್ಲಿ ಕಡತಗಳನ್ನು ದಬ್ಬಳದಲ್ಲಿ ಹೊಲಿದ ಕೈ ತಮ್ಮದು, ಯಂತ್ರ ಏನು ಮಹಾ ಎಂದರು. ಹಳೆಯ ಪರದೆ ಹಿಂಬದಿಗಾಯಿತು. ಜೇಬುಗಳಿಗೆಂದು ಕಚೇರಿಯ ಎರಡು ಪ್ಯಾಂಟುಗಳನ್ನು ಬಲಿ ಕೊಟ್ಟರು.

ಮೂರು ದಿನ ಯಂತ್ರ ನರಳಿತು. ಮೊದಲ ಜೇಬನ್ನು ರಾಯರು ನಾಲ್ಕೂ ಬದಿಗೆ ಎರಡೆರಡು ಸಾಲು ಭದ್ರವಾಗಿ ಹೊಲಿದರು. ಕೈ ಹಾಕಲು ಜಾಗ ಬೇಕೆನ್ನುವುದು ಆಮೇಲೆ ಹೊಳೆಯಿತು. ಅದನ್ನು ಬಿಚ್ಚಿ, ಪ್ರತಿ ವಸ್ತುವನ್ನೂ ಸ್ಕೇಲಿನಲ್ಲಿ ಅಳೆದು, ಉದ್ದ ಅಗಲ ಬರೆದುಕೊಂಡು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಇಪ್ಪತ್ತನಾಲ್ಕನ್ನೂ ಹೊಲಿದು ಮುಗಿಸಿದರು. ಒಂದು ವಸ್ತುವೂ ಒಳಗೆ ಹೋಗಲಿಲ್ಲ.

ಹೆಂಡತಿ ಟಾರ್ಚನ್ನು ಹನ್ನೊಂದನೇ ಜೇಬಿನ ಬಾಯಿಗೆ ಹಿಡಿದು ನೋಡಿದಳು. "ಉದ್ದ ಅಳೆದಿದೀರಿ, ಅಗಲ ಅಳೆದಿದೀರಿ. ದಪ್ಪ ಯಾರು ಅಳೀಬೇಕಿತ್ತು?"

ಕಾಗದಕ್ಕೆ ದಪ್ಪ ಇರುವುದಿಲ್ಲ ಎಂದು ಹೇಳಬೇಕೆಂದಿದ್ದ ರಾಯರು ಹೇಳಲಿಲ್ಲ. ಜೇಬಿನ ಬಟ್ಟೆಯನ್ನು ಅಗಲವಾಗಿ ಕತ್ತರಿಸಿಕೊಂಡು, ಎರಡೂ ಬದಿಗೆ ನೆರಿಗೆ ಹಿಡಿದು, ತಳ ಒತ್ತಿ ಹೊಲಿಯಬೇಕು ಎಂದು ಆಕೆಯೇ ತೋರಿಸಿಕೊಟ್ಟಳು. ಇನ್ನೂ ಮೂರು ಪ್ಯಾಂಟು ಹೋದವು. ಹತ್ತನೇ ದಿನ ಚೀಲ ಗೋಡೆಗೇರಿತು. ಸ್ವಲ್ಪ ಎಡಕ್ಕೆ ವಾಲಿತ್ತು, ಆದರೆ ಇಪ್ಪತ್ತನಾಲ್ಕು ಜೇಬೂ ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು. ಖಾಲಿಯಾದ ಡಬ್ಬ ಅಟ್ಟಕ್ಕೆ ಹೋಯಿತು. ರಾಯರು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ನಿವೃತ್ತಿಯಾದ ಮೇಲೆ ಮೊದಲ ಬಾರಿಗೆ ಅವರಿಗೆ ನಿಜವಾದ ಸಂತೋಷವಾಯಿತು.

ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆ ಸಂತೋಷದಲ್ಲೇ ಅವರು ಮುಂದಿನ ಯೋಜನೆಯನ್ನು ಹೊರಗೆಡವಿದರು: ಇನ್ನು ಅಡುಗೆಮನೆ. ಆ ಅಡುಗೆಮನೆ ಅವರ ಕಣ್ಣಿಗೆ ಬಹುದಿನದಿಂದ ಚುಚ್ಚುತ್ತಿತ್ತು. ಅಲ್ಲಿ ಕಾಫಿಪುಡಿ ಡಬ್ಬದಲ್ಲಿ ಸಕ್ಕರೆ, ಸಕ್ಕರೆ ಡಬ್ಬದಲ್ಲಿ ಬೇಳೆ, ಬೇಳೆ ಡಬ್ಬದಲ್ಲಿ ಮೇಣದಬತ್ತಿ. ಒಂದಕ್ಕೂ ಚೀಟಿಯಿಲ್ಲ. ಎಲ್ಲ ಇಳಿಸಿ, ಸಂಖ್ಯೆ ಹಾಕಿ, ಹೊಸ ವ್ಯವಸ್ಥೆ ಮಾಡುವುದೆಂದು ಅವರು ಘೋಷಿಸಿದಾಗ ಹೆಂಡತಿ ಕೈಲಿದ್ದ ಸೌಟನ್ನು ಕೆಳಗಿಟ್ಟಳು. ಆಕೆ ಸೌಟು ಕೆಳಗಿಟ್ಟು ಮಾತಾಡುವುದು ಅಪರೂಪ.

"ಒಂದು ತಿಂಗಳು ನೋಡೋಣ. ನಿಮ್ಮ ಚೀಲ ಅಷ್ಟು ಚೆನ್ನಾಗಿದ್ರೆ ತಿಂಗಳು ಪೂರ್ತಿ ನೀವು 'ಎಲ್ಲಿದೆ' ಅಂತ ನನ್ನನ್ನ ಕೇಳಬಾರದು. ಕೇಳದೇ ಇದ್ರೆ ಅಡುಗೆಮನೆ ನಿಮ್ಮದು, ಏನು ಬೇಕಾದ್ರೂ ಮಾಡ್ಕೊಳ್ಳಿ. ಒಂದೇ ಒಂದು ಸಲ ಕೇಳಿದ್ರೂ ಮತ್ತೆ ಪೆನ್ಸಿಲ್ ಹಿಡ್ಕೊಂಡು ಒಳಗೆ ಕಾಲಿಡಬಾರದು."

ರಾಯರು ಒಪ್ಪಿದರು. ಮಗಳನ್ನು ಸಾಕ್ಷಿಯಾಗಿ ನೇಮಿಸಲಾಯಿತು.

ಚೀಲಕ್ಕೆ ನಿಯಮಗಳೂ ಆದವು. ಯಾರೇ ವಸ್ತು ತೆಗೆದರೂ ಆ ಜೇಬಿನಲ್ಲಿ ಒಂದು ಚೀಟಿ ಇಡತಕ್ಕದ್ದು: ವಸ್ತು, ಒಯ್ದವರು, ಕಾರಣ, ಹಿಂದಿರುಗಿಸುವ ಸಮಯ, ಸಹಿ. ಬರೆಯಲು ದಾರ ಕಟ್ಟಿದ ಪೆನ್ಸಿಲ್ಲು ಪಕ್ಕದಲ್ಲೇ ನೇತಾಡುತ್ತಿತ್ತು. ಮೊದಲ ವಾರ ಮಗಳು ಉಗುರು ಕತ್ತರಿಸಿಕೊಳ್ಳುವುದಕ್ಕಿಂತ ಹೆಚ್ಚು ಹೊತ್ತು ಚೀಟಿ ಬರೆದಳು. ಎರಡನೇ ವಾರದ ಒಂದು ಬೆಳಿಗ್ಗೆ ರಾಯರು ತಪಾಸಣೆ ಮಾಡಿದಾಗ ಇಪ್ಪತ್ತನಾಲ್ಕು ಜೇಬುಗಳಲ್ಲಿ ಹತ್ತೊಂಬತ್ತರಲ್ಲಿ ಬರೀ ಚೀಟಿಗಳಿದ್ದವು. ವಸ್ತುಗಳು ಮನೆ ತುಂಬ ಓಡಾಡಿಕೊಂಡಿದ್ದವು. ಆದರೆ ದಾಖಲೆ ಅಚ್ಚುಕಟ್ಟಾಗಿತ್ತು, ರಾಯರಿಗೆ ಕಣ್ಣು ತುಂಬಿ ಬಂತು.

"ಕತ್ತರಿ ಅಮ್ಮನ ಹತ್ರ ಇದೆ ಅಂತ ಚೀಟಿ ಹೇಳತ್ತೆ," ಎಂದಳು ಮಗಳು. "ಅಮ್ಮ ಎಲ್ಲಿ ಹೋಗಿದಾಳೆ ಅಂತ ಯಾವ ಜೇಬಲ್ಲಿ ನೋಡ್ಲಿ ಅಪ್ಪ?"

ಆ ಪ್ರಶ್ನೆ ನಿಯಮದ ವ್ಯಾಪ್ತಿಗೆ ಬರುವುದಿಲ್ಲ ಎಂದು ರಾಯರು ತಳ್ಳಿಹಾಕಿದರು.

ಆಶ್ಚರ್ಯವೆಂದರೆ ಹೆಂಡತಿ. ಒಂದು ಗೊಣಗಾಟವಿಲ್ಲ. ಸೂಜಿ ತೆಗೆದರೂ ಚೀಟಿ, ಪಿನ್ನು ತೆಗೆದರೂ ಚೀಟಿ, ಕೆಳಗೆ ದುಂಡಗಿನ ಸಹಿ. ಮೊದಮೊದಲು ರಾಯರಿಗೆ ಇದರಲ್ಲೇನೋ ಮಸಲತ್ತು ಇದೆಯೆಂದು ಅನುಮಾನ ಬಂತು. ಆಮೇಲೆ ಒಳ್ಳೆಯ ಆಡಳಿತಕ್ಕೆ ಪ್ರಜೆಗಳು ತಲೆಬಾಗುವುದು ಸಹಜ ಎಂದು ಸಮಾಧಾನ ಮಾಡಿಕೊಂಡರು. ಅವರೂ ನಾಲಿಗೆಯನ್ನು ಬಿಗಿಹಿಡಿದಿದ್ದರು. ಕನ್ನಡಕವನ್ನು ಓದಲು ತೆಗೆಯುವಾಗ ಏಳನೇ ಜೇಬಿಗೆ ಚೀಟಿ, ಮಲಗುವಾಗ ಚೀಟಿ ತೆಗೆದು ಕನ್ನಡಕ. ಇಪ್ಪತ್ತೊಂಬತ್ತು ದಿನ ಅವರ ಬಾಯಿಂದ ಆ ಮಾತು ಬರಲಿಲ್ಲ. ಅಡುಗೆಮನೆಯ ಡಬ್ಬಗಳಿಗೆ ಅಂಟಿಸಬೇಕಾದ ಅರವತ್ತೆರಡು ಸಂಖ್ಯೆಗಳನ್ನು ಬರೆದು, ಕತ್ತರಿಸಿ, ಗೋಂದಿನ ಸಮೇತ ಸಿದ್ಧವಾಗಿಟ್ಟುಕೊಂಡರು.

ಮೂವತ್ತನೇ ದಿನ ಮಧ್ಯಾಹ್ನ ಕನ್ನಡಕವನ್ನು ಏಳಕ್ಕೆ ಸೇರಿಸಿ, ನೆಮ್ಮದಿಯಿಂದ ಒಂದು ನಿದ್ದೆ ತೆಗೆದರು. ನಾಲ್ಕು ಗಂಟೆಗೆ ಎದ್ದು ಬಂದು ನೋಡಿದರೆ ಗೋಡೆ ಖಾಲಿ. ಎರಡು ಮೊಳೆ ಇತ್ತು. ಒಂದು ಮೊಳೆಗೆ ಒಂದು ಚೀಟಿ ಚುಚ್ಚಿಕೊಂಡಿತ್ತು.

ರಾಯರು ಚೀಟಿಯನ್ನು ಕಿತ್ತು ಕಣ್ಣ ಹತ್ತಿರ ಹಿಡಿದರು, ದೂರ ಹಿಡಿದರು, ಕಿಟಕಿಯ ಬೆಳಕಿಗೆ ಒಯ್ದು ತೋಳು ಚಾಚಿ ಹಿಡಿದರು. ಐದು ಸಾಲು ಇರುವೆಗಳು ಹೋಗುತ್ತಿದ್ದಂತೆ ಕಂಡಿತು. ಓದಿಸೋಣವೆಂದರೆ ಮಗಳು ಕಾಲೇಜಿನಿಂದ ಇನ್ನೂ ಬಂದಿರಲಿಲ್ಲ. ಮಂಚದ ಕೆಳಗೆ, ಬಾಗಿಲ ಹಿಂದೆ, ಬೀರುವಿನ ಮೇಲೆ ಅವರೇ ಸದ್ದಿಲ್ಲದೆ ಹುಡುಕಿದರು. ಸಂಜೆಯಾದರೆ ಗಡುವು ಮುಗಿಯುತ್ತದೆ, ಅಡುಗೆಮನೆ ತಮ್ಮದಾಗುತ್ತದೆ, ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಆದರೆ ಹತ್ತು ದಿನ ಕೂತು ಹೊಲಿದ ಚೀಲ, ಐದು ಪ್ಯಾಂಟಿನ ಚೀಲ ಗೋಡೆಯ ಮೇಲಿಲ್ಲ. ಸುಮ್ಮನೆ ಕೂರಲು ಆಗಲಿಲ್ಲ.

ಉಪಾಯವಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಮಾತನ್ನು ಅಳೆದು ತೂಗಿ ಆಡಿದರು. "ಇದರಲ್ಲಿ ಏನು ಬರೆದಿದೆ, ಸ್ವಲ್ಪ ಓದು."

ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. "ಕೈ ಒದ್ದೆ. ನಿಮ್ಮದೇ ನಮೂನೆ ಅಲ್ವೇ, ನೀವೇ ಓದ್ಕೊಳ್ಳಿ."

"ಕನ್ನಡಕ ಇಲ್ಲ."

"ಏಳನೇ ಜೇಬಲ್ಲಿ ಇರತ್ತಲ್ಲ."

"ಜೇಬು ಇದ್ರೆ ತಾನೇ? ಚೀಲಾನೇ ಇಲ್ವಲ್ಲ, ಚೀಲ ಎಲ್ಲಿದೆ?"

ನಲ್ಲಿ ನಿಂತಿತು. ಅದೇ ಹೊತ್ತಿಗೆ ಬೀದಿಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಮಗಳು, ತಲೆ ಎತ್ತದೆ, "ಒಂದು," ಎಂದಳು.

ಹೆಂಡತಿ ಹಿತ್ತಲ ಕಡೆ ಕೈ ತೋರಿಸಿದಳು. ಅಲ್ಲಿ ತಂತಿಯ ಮೇಲೆ ಚೀಲ ತಲೆಕೆಳಗಾಗಿ ನೇತಾಡುತ್ತಿತ್ತು. ಇಪ್ಪತ್ತನಾಲ್ಕು ಜೇಬೂ ಒಳಮೈ ಹೊರಗೆ ಹಾಕಿಕೊಂಡು ತೊಟ್ಟಿಕ್ಕುತ್ತಿದ್ದವು. ಹೊಲಿಗೆಯಂತ್ರದ ಮೇಲೆ ಹಳೆಯ ಬಿಸ್ಕತ್ತಿನ ಡಬ್ಬ ಜೇಬುಗಳ ವಸ್ತುಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ತನ್ನ ಜಾಗಕ್ಕೆ ಬಂದು ಕೂತಿತ್ತು. ರಾಯರು ಕಣ್ಣು ಮುಚ್ಚಿ ಕೈ ಹಾಕಿದರು. ಕನ್ನಡಕ ಮೊದಲ ಸಲಕ್ಕೇ ಸಿಕ್ಕಿತು, ಪಿನ್ನೂ ಚುಚ್ಚಲಿಲ್ಲ. ಅದು ಅವರಿಗೆ ಇನ್ನಷ್ಟು ಅವಮಾನವೆನಿಸಿತು.

ಕನ್ನಡಕ ಏರಿಸಿ ಚೀಟಿ ಓದಿದರು. ವಸ್ತು: ಚೀಲ, ಒಂದು. ಒಯ್ದವರು: ಹೆಂಡತಿ. ಕಾರಣ: ತಿಂಗಳ ಕೊಳೆ. ಹಿಂದಿರುಗಿಸುವ ಸಮಯ: ಒಣಗಿದ ಮೇಲೆ. ಕೆಳಗೆ ದುಂಡಗಿನ ಸಹಿ. ರಾಯರು ಎರಡು ಸಲ ಪರಿಶೀಲಿಸಿದರು. ಒಂದು ಕೊಂಬಿನ ತಪ್ಪೂ ಸಿಗಲಿಲ್ಲ. ಮೂವತ್ತನಾಲ್ಕು ವರ್ಷದ ಅಭ್ಯಾಸ, ಕೈ ತಾನಾಗಿಯೇ ಅಂಗಿಜೇಬಿನ ಪೆನ್ಸಿಲ್ಲು ಹಿಡಿದು ಮೂಲೆಯಲ್ಲಿ "ಸರಿಯಾಗಿದೆ" ಎಂದು ಬರೆದು ಸಹಿ ಹಾಕಿತು.

ಸಹಿಯಾದ ಕಾಗದವನ್ನು ಹಾಗೇ ಬಿಸಾಡುವ ಸ್ವಭಾವ ಅವರದಲ್ಲ. ಚೀಟಿ ಹಿಡಿದು ಗೋಡೆ ನೋಡಿದರು, ಡಬ್ಬ ನೋಡಿದರು, ಮತ್ತೆ ಅಡುಗೆಮನೆಯ ಬಾಗಿಲಿಗೆ ಬಂದು, ಪೆನ್ಸಿಲ್ಲು ಕೈಲಿರುವುದು ನೆನಪಾಗಿ ಹೊಸ್ತಿಲ ಈಚೆಗೇ ನಿಂತರು.

"ಇವಳೇ," ಎಂದರು ಮೆಲ್ಲಗೆ, "ಇಂಥ ಚೀಟಿಗಳನ್ನ ಇಡೋ ಜಾಗ ಎಲ್ಲಿದೆ?"

"ಎರಡು," ಎಂದಳು ಮಗಳು.