ಕುಬೇರಪ್ಪನವರ ಲೋಟದೊಳಗಿನ ಇಸಬಗೋಲ

ಹೊಟ್ಟೆ ಹಗುರಾದವನ ಬಾಯಲ್ಲಿ 'ಒಲ್ಲೆ' ಎಂಬ ಮಾತು ಬರುವುದಿಲ್ಲ! ಇದು ನನ್ನ ಸಿದ್ಧಾಂತ. ಬಿ.ಎಸ್ಸಿ. ಮುಗಿಸಿ ಶಿಗ್ಗಾವಿಯಲ್ಲಿ ರೈತರ ಹೊಲದ ಮಣ್ಣು ಪರೀಕ್ಷೆ ಮಾಡುವ ನಾನು, ಇಸಬಗೋಲ ಎಂಬ, ಹೊಟ್ಟೆ ಸಾಫು ಮಾಡುವ ಬಿಳಿ ಹೊಟ್ಟಿನಿಂದ ಇಡೀ ತಾಲ್ಲೂಕನ್ನು ಉದ್ಧರಿಸಿಯೇ ತೀರುತ್ತೇನೆಂದು ಪಣ ತೊಟ್ಟಿದ್ದೆ. ಹೆಂಡತಿ ತನುಜಾ ಅದಕ್ಕೆ 'ನಿಮ್ಮ ಭೂಸಾ' ಎನ್ನುತ್ತಿದ್ದಳು. ಎನ್ನಲಿ! ಯಾವ ವಿಜ್ಞಾನಿಯನ್ನು ಅವನ ಮನೆಯವರು ನಂಬಿದ್ದಾರೆ?

ಅಂದು ತಂಗಿ ಸುಧಾರಾಣಿಯನ್ನು ನೋಡಲು ಹಿರೇಕೆರೂರಿನಿಂದ ಬೀಗರು ಬರುವವರಿದ್ದರು. ವರ ಚನ್ನೇಶ. ಅವನೂ ಸುಧಾಳೂ ಸವಣೂರಿನ ಒಂದೇ ಶಾಲೆಯಲ್ಲಿ ಪಾಠ ಮಾಡುವವರು, ಆಗಲೇ ಒಬ್ಬರನ್ನೊಬ್ಬರು ಮನಸಾರೆ ಒಪ್ಪಿದವರು. ಆದರೆ ಚನ್ನೇಶನ ಮನೆಯಲ್ಲಿ ಕೊನೆಯ ಮಾತು ಅವನ ಸೋದರಮಾವ ಕುಬೇರಪ್ಪನವರದು. ಅವರು ನಮ್ಮ ಮನೆಯ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಸಂಬಂಧ ಪಕ್ಕಾ. ಇಲ್ಲವೆಂದರೆ ಇಲ್ಲ.

ಬೆಳಿಗ್ಗೆಯೇ ಸುಧಾ ನನ್ನ ಕೈ ಹಿಡಿದಿದ್ದಳು. "ಅಣ್ಣಾ, ಇವತ್ತೊಂದಿನ ಸೈನ್ಸ್ ಹೇಳಬ್ಯಾಡ. ನಿನ್ನ ಕಾಲಿಗೆ ಬೀಳ್ತೇನಿ."

"ಆತವ್ವಾ," ಎಂದೆ. ಆಗ ಹಾಗೆಯೇ ಅಂದುಕೊಂಡಿದ್ದೆ ಕೂಡ.

ಬೀಗರು ಬಂದರು. ಎಲ್ಲರೂ ಉಪ್ಪಿಟ್ಟು, ಶೀರಾ ತಿಂದರು. ಕುಬೇರಪ್ಪ ಮಾತ್ರ ತಟ್ಟೆ ಮುಟ್ಟಲಿಲ್ಲ. ಸುಧಾ ಬಂದು ನಮಸ್ಕರಿಸಿದಳು. ಅವರ ಗಂಟುಮುಖ ಸಡಿಲಲಿಲ್ಲ. ಚನ್ನೇಶ ಬಿಳುಚಿದ. ಅವ್ವ ಸಕ್ಕರೆ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಹುಡುಗಿ ಮನಸಿಗೆ ಬಂದಂಗಿಲ್ಲ," ಅಡುಗೆಮನೆಯಲ್ಲಿ ತನುಜಾ ಪಿಸುಗುಟ್ಟಿದಳು.

"ತೊಂದರಿ ಹುಡುಗೀದಲ್ಲ, ಹೊಟ್ಟೀದು! ಬಂದಾಗಿಂದ ಎರಡ ಸಲ ಸಂಡಾಸಕ್ಕ ಹೋದ್ರು. ಹೋದಂಗ ಹೊಳ್ಳಿ ಬಂದ್ರು. ಬೆಲ್ಟ್ ಸಡ್ಲ ಮಾಡ್ಕೊಂಡು ಕುಂತಾರ. ಇದು ನಕಾರ ಅಲ್ಲ, ಮಲಬದ್ಧತೆ!" ಎಂದೆ.

"ಇವತ್ತ ಭೂಸಾ ಮುಟ್ಟಿದ್ರ ನೋಡ್ರಿ ಮತ್ತ!"

ಮುಟ್ಟಿದೆ! ತಂಗಿಯ ಬಾಳು ತೂಗುಯ್ಯಾಲೆಯಲ್ಲಿರುವಾಗ ವಿಜ್ಞಾನ ಕೈಕಟ್ಟಿ ಕೂಡುವುದೆ? ದೊಡ್ಡ ಲೋಟದ ನೀರಿಗೆ ಇಸಬಗೋಲ ಸುರಿದು, ಕಲಕಿ, ಪಡಸಾಲೆಗೆ ನುಗ್ಗಿದೆ.

"ಮಾವಾರ, ಇದನ್ನ ಕುಡೀರಿ."

"ಏನಿದು?"

ಅಯ್ಯೋ! ಈ ಪ್ರಶ್ನೆಯನ್ನು ನನಗೆ ಈವರೆಗೆ ಯಾರೂ ಕೇಳಿರಲೇ ಇಲ್ಲ! ಇದೊಂದು ಗಿಡದ ಬೀಜದ ಮೇಲಿನ ಸಿಪ್ಪೆ ಎಂದೆ. ತನ್ನ ತೂಕದ ಎಷ್ಟೋ ಪಟ್ಟು ನೀರು ಹೀರಿ ಲೋಳೆಯಾಗಿ, ಕರುಳಿನಲ್ಲಿ ಗಟ್ಟಿಯಾದದ್ದನ್ನು ಮೆತ್ತಗೆ ಮಾಡುತ್ತದೆ ಎಂದೆ. ಉಂಡ ಸಕ್ಕರೆ ರಕ್ತಕ್ಕೆ ಸಾವಕಾಶ ಸೇರುವಂತೆ ನೋಡಿಕೊಳ್ಳುತ್ತದೆ ಎಂದೆ. ಕುಬೇರಪ್ಪ ಲೋಟ ತುಟಿಗೆ ಒಯ್ದರು.

"ತಡೀರಿ ಮಾವಾರ, ಕೊಲೆಸ್ಟ್ರಾಲ್ ಇನ್ನೂ ಬಾಕಿ ಐತಿ!" ಎಂದು ಅವರ ಕೈ ಹಿಡಿದೆ.

ಕೊಲೆಸ್ಟ್ರಾಲ್ ಮುಗಿಸಿದೆ. ಇದಕ್ಕೂ ಬೇರೆ ಗುಳಿಗೆಗಳಿಗೂ ನಡುವೆ ಅಂತರವಿರಬೇಕು, ನೀರು ಕಡಿಮೆಯಾದರೆ ಗಂಟಲಲ್ಲೇ ಕೂತುಬಿಡುತ್ತದೆ ಎಂದು ಎಚ್ಚರಿಸಿದೆ. ಕೊನೆಗೆ, ಕಲಕಿದ ಕೂಡಲೇ ಕುಡಿಯಬೇಕು, ತಡ ಮಾಡಲೇಬಾರದು ಎಂಬುದನ್ನು ಉದಾಹರಣೆ ಸಹಿತ, ನಿಧಾನವಾಗಿ ವಿವರಿಸಿದೆ!

"ಈಗ ಕುಡೀರಿ!"

ಅವರು ಲೋಟ ಬಾಗಿಸಿದರು. ಏನೂ ಬರಲಿಲ್ಲ. ಇನ್ನಷ್ಟು ಬಾಗಿಸಿದರು. ಕೊನೆಗೆ ಬೋರಲೇ ಹಿಡಿದರು. ಒಳಗಿನದು ಒಮ್ಮೆ ನಡುಗಿ, ಇದ್ದಲ್ಲೇ ಭದ್ರವಾಗಿ ಕುಳಿತಿತು!

ಸುಧಾ ಕಣ್ಣು ಮುಚ್ಚಿಕೊಂಡಳು. ನಾನು ಬಗ್ಗಲಿಲ್ಲ.

"ನೋಡಿದ್ರ್ಯಾ, ನೀರು ಹೆಂಗ ಹಿಡದಿಟ್ಟೈತಿ! ಇದೇ ಇದರ ಗುಣ!"

ಕುಬೇರಪ್ಪ ಲೋಟ ನೋಡಿದರು, ನನ್ನನ್ನು ನೋಡಿದರು, ಮತ್ತೆ ಲೋಟ ನೋಡಿದರು. ಮೊದಲು ಅವರ ಭುಜ ಅಲುಗಿತು, ಆಮೇಲೆ ಹೊಟ್ಟೆ. ನಕ್ಕರು, ಕಣ್ಣೀರು ಬರುವಷ್ಟು ನಕ್ಕರು. ನಗುತ್ತಿದ್ದವರು ಫಕ್ಕನೆ ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಿದರು!

ಮರಳಿ ಬಂದಾಗ ಅವರ ಮುಖವೇ ಬೇರೆ. ತಟ್ಟೆಯ ಶೀರಾ ಬಳಿದು ತಿಂದು, ಅವ್ವನ ಮುಂದೆ ಅಂಗೈ ಚಾಚಿದರು. "ಸಕ್ಕರಿ ಹಾಕ್ರಿ ಅಕ್ಕಾರ. ಹುಡುಗಿ ನೋಡಿದ ಕೂಡಲೇ ಮನಸಿಗೆ ಬಂದಿದ್ಲು. ಮಾತಾಡೋ ಸ್ಥಿತಿಯಾಗ ನಾ ಇರಲಿಲ್ಲ."

ನಾನು ಎದೆಯುಬ್ಬಿಸಿದೆ. "ಇದು ಇಸಬಗೋಲದ ಪ್ರಭಾವ!"

"ಅದನ್ನ ನಾ ಕುಡದೇ ಇಲ್ಲಲ್ಲೋ ತಮ್ಮಾ!"

ಆದರೂ ನನ್ನ ಸಿದ್ಧಾಂತಕ್ಕೆ ಸೋಲಿಲ್ಲ. ಹೊಟ್ಟೆ ಹಗುರಾಯಿತು, 'ಒಲ್ಲೆ' ಬರಲಿಲ್ಲ. ನಾನು ಹೇಳಿದ್ದೂ ಅದನ್ನೇ! ಹೊರಡುವಾಗ ಕುಬೇರಪ್ಪನವರೇ ಮೆಲ್ಲಗೆ ಕೇಳಿದರು, "ಹೌದೂ, ಆ ಪುಡಿ ತಗೊಳ್ಳೋದು ಹೆಂಗ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ತನುಜಾ ಮುಂದೆ ಬಂದಳು.

"ಒಂದ ಚಮಚ ಹಾಕ್ರಿ, ಲೋಟ ತುಂಬ ನೀರಾಗ ಕಲಕ್ರಿ, ಗಟಗಟ ಕುಡೀರಿ. ಮ್ಯಾಲೆ ಇನ್ನೊಂದ ಲೋಟ ನೀರು."

"ಇಷ್ಟೇ ಏನವಾ?" ಕುಬೇರಪ್ಪ ನನ್ನತ್ತ ತಿರುಗಿದರು. "ಮತ್ತ ನೀ ಅಷ್ಟೊತ್ತು ಹೇಳಿದ್ದೇನು?"