ಕುಳಿತವರು ಏಳದ ಕಾರು

ಕಾರು ಕೊಳ್ಳುವಾಗ ಮೋಸಹೋಗುವವರು ಬೇರೆಯವರು, ನಾನಲ್ಲ ಎಂಬುದು ನನ್ನ ಖಚಿತ ನಂಬಿಕೆಯಾಗಿತ್ತು. ಗಡಹಿಂಗ್ಲಜದಲ್ಲಿ ಇಪ್ಪತ್ತೈದು ವರ್ಷ ಪಾತ್ರೆ-ಭಾಂಡೆ ಅಂಗಡಿ ನಡೆಸಿದವನು ನಾನು. ಯಾವುದೇ ಪಾತೇಲಿಯನ್ನು ಬೆರಳಿನಿಂದ ಒಮ್ಮೆ ತಟ್ಟಿ ಅದರ ಜಾತಕ ಹೇಳಿಬಿಡುತ್ತೇನೆ. ಶಿರೋಳಿಯ ಒಂದು ಗ್ಯಾರೇಜಿನಲ್ಲಿ ಆ ಕಾರನ್ನು ಕಂಡಾಗಲೂ ಬಾನೆಟ್ಟಿನ ಮೇಲೆ ಹಾಗೆಯೇ ತಟ್ಟಿದೆ. ಟಣ್ ಎಂದಿತು. ಕೊಂಡುಬಿಟ್ಟೆ!

ಬಣ್ಣ ಕೆಂಪು. ಹಾಗಂತ ನನ್ನ ನೆನಪು ಹೇಳುತ್ತದೆ. ಕಾಗದಪತ್ರ ಕಿತ್ತಳೆ ಎನ್ನುತ್ತದೆ. ಹೆಂಡತಿ ಶೈಲಜಾ 'ಗಜ್ಜರಿ ಹಲ್ವಾ' ಎನ್ನುತ್ತಾಳೆ. ಕಾರು ನನ್ನದು, ನೆನಪೂ ನನ್ನದು, ಕೆಂಪೇ ಇರಲಿ. ಎರಡೇ ಬಾಗಿಲು, ಹಿಂದೆ ಒಂದು ರೆಕ್ಕೆ, ಹುಲಿ ಕೆಮ್ಮಿದಂಥ ಸೈಲೆನ್ಸರು. ಮೊದಲಿನ ಮಾಲೀಕ ಯಾರೋ ಉಡಾಳ ತರುಣ. ಸ್ಪ್ರಿಂಗು ಕತ್ತರಿಸಿ ಕಾರನ್ನು ನೆಲದಿಂದ ಗೇಣುದ್ದ ಎತ್ತರಕ್ಕೆ ಇಳಿಸಿದ್ದ. ಸೀಟುಗಳು ಬಕೆಟ್ಟಿನಷ್ಟು ಆಳ. ಕುಳಿತರೆ ಮೊಣಕಾಲುಗಳು ಎದೆಯ ಸಮಕ್ಕೆ ಬರುತ್ತಿದ್ದವು. ಇಳಿಯಬೇಕಾದರೆ ನಾನು ಮೊದಲು ಎರಡೂ ಕೈ ನೆಲಕ್ಕೆ ಊರಿ, ಆಮೇಲೆ ಮೊಣಕಾಲು ಊರಿ, ಆಮೇಲೆ ದೇವರ ಹೆಸರು ಹೇಳಿ ಏಳುತ್ತಿದ್ದೆ. ಇದೆಲ್ಲ ರೇಸಿನ ಕಾರುಗಳ ಲಕ್ಷಣ ಎಂದು ನನಗೆ ಒಳಗೊಳಗೇ ಹೆಮ್ಮೆ.

ಪಕ್ಕದ ಮನೆಯ ಚೌಗುಲೆ ಅಣ್ಣಾ ಕಾರಿಗೆ ಮೂರು ಸುತ್ತು ಹಾಕಿ ನೋಡಿದರು.

"ಛಲೋ ಐತ್ರಿ. ಹಿಂದಿನ ರೆಕ್ಕಿ ಮ್ಯಾಲ ಹಪ್ಪಳ ಭಾಳ ಬೇಷ್ ಒಣಗತಾವ."

ನಾನು ರೆಕ್ಕೆಯ ಮೇಲಿನ ಧೂಳು ಒರೆಸತೊಡಗಿದೆ. ದೊಡ್ಡವರು ಇಂಥ ಮಾತಿಗೆ ಉತ್ತರ ಕೊಡುವುದಿಲ್ಲ.

ಎಂಟು ತಿಂಗಳ ನಂತರ ಮಗಳು ಅಶ್ವಿನಿಯ ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಗೊತ್ತಾಯಿತು. ನಮ್ಮ ಕಡೆ ಹಿರಿಯ ಹೆಂಗಸರು ಮದುಮಗಳ ಕೈಗೆ ಸಕ್ಕರೆ ಪೊಟ್ಟಣ ಕೊಟ್ಟ ಮೇಲೆಯೇ ಉಂಗುರ. ಮನೆಯಲ್ಲಿ ಹಿರಿಯ ಹೆಂಗಸರು ಇಬ್ಬರು: ನನ್ನ ಅವ್ವ, ಮತ್ತು ಅಪ್ಪನ ತಂಗಿ, ಇಚಲಕರಂಜಿಯ ಗಂಗತ್ತಿ. ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಅವ್ವನ ಲೆಕ್ಕದಲ್ಲಿ ಹನ್ನೊಂದು.

ಜಗಳದ ಕಾರಣ ಮಾನಪಾನ. ಅವ್ವ ಅಣ್ಣನ ಹೆಂಡತಿ, ಆದ್ದರಿಂದ ಸಂಬಂಧದಲ್ಲಿ ದೊಡ್ಡವಳು. ಗಂಗತ್ತಿ ಎರಡು ವರ್ಷ ಮೊದಲು ಹುಟ್ಟಿದವಳು, ಆದ್ದರಿಂದ ವಯಸ್ಸಿನಲ್ಲಿ ದೊಡ್ಡವಳು. ಯಾರ ಕಾಲಿಗೆ ಯಾರು ಬೀಳಬೇಕು? ಯಾವುದೋ ಒಂದು ಬಾರಸೆಯಲ್ಲಿ, ಕೂಸಿಗೆ ಹೆಸರಿಡುವ ತೊಟ್ಟಿಲ ಮುಂದೆ, ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ನಿಂತರು. ಇನ್ನೂ ನಿಂತೇ ಇದ್ದರು.

"ಇಬ್ಬರೂ ಅಜ್ಜ್ಯಾರು ನನ್ನ ಕೈಯಾಗ ಸಕ್ಕರಿ ಕೊಡಬೇಕು," ಎಂದಳು ಅಶ್ವಿನಿ. "ಇಲ್ಲಂದ್ರ ನಾ ಉಂಗುರಕ್ಕ ಬೆರಳು ಚಾಚಂಗಿಲ್ಲ ನೋಡಪ್ಪಾ."

ಅವಳು ಹೇಳಿದರೆ ಹೇಳಿದಂತೆ. ನನ್ನ ಮಗಳಲ್ಲವೇ, ಅವರಿಬ್ಬರ ಮೊಮ್ಮಗಳು!

ಗಂಗತ್ತಿ ಫೋನಿನಲ್ಲಿ ಹೇಳಿದಳು: "ಬರತೀನಿ. ಆದ್ರ ನಿಮ್ಮವ್ವ ಹೊಸ್ತಿಲ ಇಳದು ಬಂದು ಕರಕೋಬೇಕು."

ಅವ್ವ ಹೇಳಿದಳು: "ಬರಲಿ. ಆದ್ರ ಹೊಸ್ತಿಲ ಇಳ್ಯಾಕೀ ನಾ ಅಲ್ಲ."

ಆಗ ನನ್ನ ತಲೆಯಲ್ಲಿ ಒಂದು ರಾಜತಾಂತ್ರಿಕ ಯೋಜನೆ ಮೂಡಿತು. ಮಾನ್ಯರೇ, ಕಾರನ್ನು ಹೊಸ್ತಿಲಿಗೆ ತಾಗುವಂತೆ ನಿಲ್ಲಿಸುವುದು! ಅತ್ತಿ ಕಾಲು ಹೊರಗಿಟ್ಟರೆ ಅದು ಹೊಸ್ತಿಲ ಮೇಲೆಯೇ. ಅವ್ವ ಇಳಿಯಬೇಕಿಲ್ಲ, ಅತ್ತಿ ಹತ್ತಬೇಕಿಲ್ಲ. ದೊಡ್ಡ ಕಾರಿನಿಂದ ಇದು ಸಾಧ್ಯವಿಲ್ಲ. ತಗ್ಗಿನ ಕಾರೇ ಬೇಕು.

"ಗಂಗತ್ತಿಯವರಿಗೆ ಮೊಣಕಾಲು ನೋವು ಐತಿ," ಎಂದಳು ಶೈಲಜಾ. "ಬಾಡಿಗಿ ಜೀಪು ತರ್ರಿ."

"ಜೀಪಿನಾಗ ಎಳದಾಡಕೋಂತ ಬರಬೇಕೇನು ಅತ್ತಿ? ನಾ ಇರಬೇಕಾದ್ರ?"

ಸಾಖರಪುಡಾದ ದಿನ ಬೆಳಿಗ್ಗೆ ನಾನೂ ಶೈಲಜಾಳೂ ಇಚಲಕರಂಜಿಗೆ ಹೋದೆವು. ಗಂಗತ್ತಿ ಬಾಗಿಲಲ್ಲಿ ನಿಂತು ಕಾರನ್ನು ನೋಡಿದಳು.

"ಇದೇನಪಾ, ಕುಂತೈತೋ ನಿಂತೈತೋ?"

"ಸ್ಪೋರ್ಟ್ಸ್ ಗಾಡಿ, ಅತ್ತಿ!"

"ಅಗ ಬಾಯಿ," ಎಂದು ಅತ್ತಿ ನನ್ನ ಹೆಗಲು ಹಿಡಿದು ಸೀಟಿಗೆ ಬೆನ್ನು ಮಾಡಿ ಬಗ್ಗಿದಳು. ಅರ್ಧ ದಾರಿಯವರೆಗೆ ಬಗ್ಗಿದ್ದು ಅವಳು. ಉಳಿದರ್ಧ ಭೂಮಿ ಎಳೆದುಕೊಂಡಿತು. ಸೀಟಿನೊಳಗಿಂದ 'ಉಸ್' ಎಂದು ಗಾಳಿ ಹೊರಟಿತು. ಸೀಟಿನದೋ ಅತ್ತಿಯದೋ ಹೇಳಲಾರೆ.

ಹಿಂದಿನ ಸೀಟಿನಲ್ಲಿ ಶೈಲಜಾ. ಇಲ್ಲಿ ಒಂದು ತಾಂತ್ರಿಕ ವಿಷಯ ತಿಳಿಸಬೇಕು. ಮೂರು ಜನ ಕುಳಿತರೆ ನನ್ನ ಕಾರು ಸ್ಪೀಡ್ ಬ್ರೇಕರ್ ದಾಟುವುದಿಲ್ಲ; ಹೊಟ್ಟೆ ತಾಗುತ್ತದೆ. ಒಬ್ಬರು ಇಳಿಯಬೇಕು. ಅತ್ತಿ ಇಳಿಯುವ ಸ್ಥಿತಿಯಲ್ಲಿ ಇರಲಿಲ್ಲ. ಹಿಂದಿನವರಿಗೆ ಬಾಗಿಲಿಲ್ಲ. ಆದ್ದರಿಂದ ಪ್ರತಿ ಬ್ರೇಕರಿಗೂ ನಾನು ಕೈಯೂರಿ ಇಳಿಯುವುದು, ನನ್ನ ಸೀಟು ಮಡಚುವುದು, ರೇಷ್ಮೆ ಸೀರೆಯ ಶೈಲಜಾ ತೂರಿಕೊಂಡು ಹೊರಬರುವುದು, ನಾನು ಕೂರುವುದು, ಕಾರು ದಾಟುವುದು, ನಾನು ಮತ್ತೆ ಇಳಿಯುವುದು, ಅವಳು ನಡೆದು ಬಂದು ಒಳಗೆ ತೂರುವುದು. ಗಡಹಿಂಗ್ಲಜದವರೆಗೆ ಇಂಥ ಬ್ರೇಕರು ಏಳು ಎಂದು ನನ್ನ ನೆನಪು. ಶೈಲಜಾ ಹನ್ನೊಂದು ಎನ್ನುತ್ತಾಳೆ. ನಡೆದವಳು ಅವಳು, ಹನ್ನೊಂದೇ ಇರಲಿ.

ಕಾಗಲದ ಹತ್ತಿರ ಒಬ್ಬ ಎತ್ತಿನ ಗಾಡಿಯವ ನಮ್ಮನ್ನು ಹಿಂದೆ ಹಾಕಿದ. ಕಬ್ಬು ತುಂಬಿದ ಗಾಡಿ!

ಅಂತೂ ಮನೆ ಬಂತು. ದತ್ತವಾಡದ ಬೀಗರು ಮಂಟಪದಲ್ಲಿ ಕುಳಿತಿದ್ದರು. ಮುಹೂರ್ತ ಇಟ್ಟ ಅಯ್ಯನವರು ಗಡಿಯಾರ ನೋಡುತ್ತಿದ್ದರು: ಹನ್ನೆರಡರ ಒಳಗೆ ಉಂಗುರ ಆಗಬೇಕು. ಹೊಸ್ತಿಲ ಒಳಗೆ ಅವ್ವ ಕಂಬದಂತೆ ನಿಂತಿದ್ದಳು. ನಾನು ಕಾರನ್ನು ಹೊಸ್ತಿಲಿಗೆ ನಾಲ್ಕು ಬೆರಳು ಅಂತರದಲ್ಲಿ ತಂದು ನಿಲ್ಲಿಸಿದೆ. ಬಾಗಿಲು ತೆರೆಯಲು ಹೋದೆ.

ಬಾಗಿಲು ನಾಲ್ಕು ಬೆರಳೇ ತೆರೆಯಿತು.

ಎರಡೇ ಬಾಗಿಲಿನ ಕಾರಿಗೆ ಬಾಗಿಲು ಉದ್ದ ಇರುತ್ತದೆ, ತೆರೆಯಲು ಜಾಗ ಬೇಕು. ಇದು ನನ್ನ ಯೋಜನೆಯಲ್ಲಿ ಇರಲಿಲ್ಲ. ಕಾರನ್ನು ರಸ್ತೆಯ ನಡುವಿಗೆ ತೆಗೆದುಕೊಂಡು ಹೋದೆ. ಬಾಗಿಲು ತೆರೆಯಿತು. ಅತ್ತಿ ಮಾತ್ರ ಏಳಲಿಲ್ಲ.

ನಾನು ಒಂದು ಕೈ ಹಿಡಿದೆ, ಚೌಗುಲೆ ಅಣ್ಣಾ ಇನ್ನೊಂದು. ಬೀಗರೂ ಎದ್ದು ಬಂದು, ಹೊಸ ಸಂಬಂಧ ಎಂಬ ಸಂಕೋಚದಿಂದ, ನನ್ನ ಸೊಂಟ ಹಿಡಿದು ಜಗ್ಗಿದರು.

"ಬಿಡ್ರೋ! ನಾ ಏನು ಕಬ್ಬಿನ ಗಳ ಅದೀನೇನು, ಕಿತ್ತಾಕತ್ತೀರಿ!" ಅತ್ತಿ ಕೂಗಿದಳು.

"ಹನ್ನೊಂದು ಐವತ್ತು," ಎಂದರು ಅಯ್ಯನವರು.

ಅಶ್ವಿನಿ ಮಂಟಪದಲ್ಲಿ ಎರಡೂ ಕೈ ಕಟ್ಟಿಕೊಂಡು ನಿಂತಿದ್ದಳು. ಬೆರಳುಗಳು ಕಂಕುಳಲ್ಲಿ. ಅಳಿಯನಾಗಬೇಕಾದ ಹುಡುಗ ಉಂಗುರದ ಡಬ್ಬಿಯನ್ನು ತೆರೆಯುತ್ತ ಮುಚ್ಚುತ್ತ ಇದ್ದ.

ಆಗ ಹೊಸ್ತಿಲಿನಿಂದ ದನಿ ಬಂತು. "ಸರೀರಿ ಎಲ್ಲಾರೂ. ಒಳಗಿಂದ ನೂಕಿದ್ರ ಬರತಾಳ ಆಕಿ."

ಅವ್ವ ಹೊಸ್ತಿಲು ಇಳಿದಳು! ಅತ್ತಿಯ ಕಡೆ ನೋಡದೆ ಕಾರನ್ನು ಸುತ್ತಿ ಬಂದು, ಡ್ರೈವರ್ ಬಾಗಿಲು ತೆರೆದು, ಅತ್ತಿಯನ್ನು ನೂಕಲು ಸ್ವಲ್ಪ ಒಳಗೆ ಬಗ್ಗಿದಳು.

ದೊಪ್!

ಈಗ ಇಬ್ಬರು.

ಅಷ್ಟರಲ್ಲಿ ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರಾಕ್ಟರು ರಸ್ತೆಯಲ್ಲಿ ಬಂದು ನಿಂತಿತು. ನನ್ನ ಬಾಗಿಲುಗಳು ರಸ್ತೆಯ ಎರಡೂ ಬದಿಗೆ ಕೋಳಿಯ ರೆಕ್ಕೆಯಂತೆ ಹರಡಿಕೊಂಡಿದ್ದವು. "ಓ ಪಾವಣಂ, ದಾರ್ ಲಾವಾ ಕೀ!" ಎಂದು ಬಾಗಿಲು ಹಾಕಲು ಟ್ರಾಕ್ಟರಿನವ ಮರಾಠಿಯಲ್ಲಿ ಅರಚಿದ. ಎರಡೂ ಬಾಗಿಲು ಹಾಕಿದೆವು. ಟ್ರಾಕ್ಟರು ಇಂಚಿಂಚಾಗಿ ದಾಟಿತು. ಧೂಳಿಗೆ ಗಾಜು ಏರಿಸಿದ್ದೆ, ಏಸಿ ಓಡುತ್ತಿತ್ತು. ಒಳಗಿನಿಂದ ಒಂದು ಶಬ್ದವೂ ಕೇಳುತ್ತಿರಲಿಲ್ಲ.

ಆದರೆ ಗಾಜಿನಾಚೆ ಅವ್ವನ ಬಾಯಿ ಅಲ್ಲಾಡಿತು. ಆಮೇಲೆ ಅತ್ತಿಯ ಬಾಯಿ. ಆಮೇಲೆ ಇಬ್ಬರ ಬಾಯಿಯೂ. ಅತ್ತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವ್ವ ಅವಳ ತೊಡೆಯ ಮೇಲೆ ಕೈ ಹಾಕಿದಳು. ಒಂಬತ್ತು ವರ್ಷ (ಅಥವಾ ಹನ್ನೊಂದು) ಯಾರಿಂದಲೂ ಆಗದ್ದನ್ನು ನನ್ನ ಕಾರು ಮಾಡಿತ್ತು! ಹೆಮ್ಮೆಯಿಂದ ಬಾಗಿಲು ತೆರೆದೆ.

"...ಸಣ್ಣಾಂವ ಇದ್ದಾಗಿಂದ ಹಿಂಗ ಇಂವಾ," ಅತ್ತಿ ನಗುತ್ತ ಕಣ್ಣೀರು ಒರೆಸುತ್ತಿದ್ದಳು. "ಹಂಡೇದಾಗ ಕುಂತು ಸಿಕ್ಕೊಂಡಿದ್ದ, ನೆನಪೈತಿ?"

"ಎಣ್ಣಿ ಹಚ್ಚಿ ತಗದಿದ್ವಿ!" ಎಂದಳು ಅವ್ವ. "ಅದ ಹುಂಬನ ಕೈಯಾಗ ಗಾಡಿ ಕೊಟ್ಟಾರ ನೋಡು."

ಬೀಗರು ಇದನ್ನು ಶ್ರದ್ಧೆಯಿಂದ ಕೇಳಿಸಿಕೊಂಡರು. ಹಂಡೆಯಲ್ಲಿ ಸಿಕ್ಕಿದ್ದು ನನ್ನ ತಮ್ಮ ಎಂದೇ ನನ್ನ ನೆನಪು. ಹೇಳಿ ಉಪಯೋಗವಿಲ್ಲ.

"ಹನ್ನೊಂದು ಐವತ್ತೇಳು," ಎಂದರು ಅಯ್ಯನವರು.

ಅಶ್ವಿನಿ ಮಂಟಪ ಬಿಟ್ಟು ಓಡಿ ಬಂದು ಕಾರಿನ ಮುಂದೆ ಕೈಚಾಚಿದಳು. ಹಿಂದೆಯೇ ಹುಡುಗ. ಗಾಜು ಇಳಿಸಿ ಸಕ್ಕರೆ ಪೊಟ್ಟಣಗಳನ್ನು ಕಿಟಕಿಯೊಳಗೆ ತೂರಿಸಿದೆವು.

"ವೈನಿ, ನೀ ಕೊಡು ಮೊದಲ," ಎಂದಳು ಅತ್ತಿ.

"ಇಲ್ಲ ಗಂಗಕ್ಕಾ, ನೀ ಕೊಡು."

"ಛೇ, ನೀ ದೊಡ್ಡಾಕಿ."

"ನೀ ದೊಡ್ಡಾಕಿ!"

"ಹನ್ನೊಂದು ಐವತ್ತೊಂಬತ್ತು!" ಅಯ್ಯನವರು ಕಿರುಚಿದರು. ಇಬ್ಬರೂ ಬೆಚ್ಚಿ ಒಟ್ಟಿಗೇ ಕೈ ಹೊರಗೆ ಹಾಕಿದರು. ಎರಡು ಕಿಟಕಿ, ಎರಡು ಪೊಟ್ಟಣ. ಬಾನೆಟ್ಟಿನ ಮೇಲೆ ಕೈಯಿಟ್ಟು ಅಶ್ವಿನಿ ಉಂಗುರ ಹಾಕಿಸಿಕೊಂಡಳು. ಕಾಲು ಮುಟ್ಟಲು ಕಾಲು ಸಿಗಲಿಲ್ಲ. ಜೋಡಿ ಕಾರಿಗೇ ನಮಸ್ಕಾರ ಮಾಡಿತು.

ಊಟದ ಎಲೆ ಹಾಕಿದ ಮೇಲೆ ಶೈಲಜಾ ಕಾರಿನ ಬಳಿ ಬಂದಳು. "ಅತ್ತಿ, ಮೊದಲ ಎರಡೂ ಕಾಲು ಹೊರಗ ಹಾಕ್ರಿ. ಹೂಂ. ಈಗ ನನ್ನ ಕುತ್ತಿಗಿ ಹಿಡೀರಿ." ಅತ್ತಿ ಎದ್ದಳು. ಅವ್ವನೂ ಎದ್ದಳು. ಅರ್ಧ ನಿಮಿಷ.

"ಇದು ನಿನಗ ಗೊತ್ತಿತ್ತೇನು?" ನಾನು ಬಾಯಿ ಬಿಟ್ಟೆ.

"ಎಂಟು ತಿಂಗಳದಿಂದ ಹಿಂಗ ಇಳಿಯಾಕತ್ತೇನಿ."

"ಮತ್ತ ಆವಾಗ ಯಾಕ ಹೇಳಲಿಲ್ಲ?"

"ಮೊದಲ ನೀವ್ಯಾರೂ ಜಾಗಾ ಬಿಡಲಿಲ್ಲ. ಆಮ್ಯಾಲ ಇಬ್ಬರೂ ಮಾತಾಡಾಕತ್ತಿದ್ರು. ಯಾಕ ಎಬ್ಬಸಲಿ?"

ಸಂಜೆ ಗಂಗತ್ತಿ ಹೊರಟಳು. ಅವ್ವನೂ ಎಂಟು ದಿನ ಇರುತ್ತೇನೆಂದು ಜೊತೆಗೆ ಹೊರಟಳು. ನಾನು ಕಾರಿನ ಬಾಗಿಲನ್ನು ಪೂರ್ತಿ ತೆರೆದು ಹಿಡಿದು ನಿಂತೆ. ಇಬ್ಬರೂ ಕೈ ಕೈ ಹಿಡಿದುಕೊಂಡು ನನ್ನನ್ನು ದಾಟಿ, ಅದೇ ದಾರಿಯಲ್ಲಿ ಊರಿಗೆ ಹೊರಟಿದ್ದ ಬೀಗರ ಹತ್ತು ಸೀಟಿನ ಜೀಪು ಹತ್ತಿದರು.

"ಬ್ಯಾಗು ಜೀಪಿನಾಗ ಹಿಡಿಸವಲ್ದು," ಜೀಪಿನ ಎತ್ತರದಿಂದ ಅವ್ವ ಹೇಳಿದಳು. "ನೀ ಹಾಕ್ಕೊಂಡು ಬಾ."

ನಾಲ್ಕು ಬ್ಯಾಗು, ಒಂದು ಲಾಡು ಡಬ್ಬಿ ಹೇರಿಕೊಂಡು ನಾನು ಬೆನ್ನು ಹತ್ತಿದೆ. ಮೊದಲನೆಯ ಬ್ರೇಕರಿನಲ್ಲೇ ಹೊಟ್ಟೆ ತಾಗಿತು. ಬ್ಯಾಗು ಇಳಿಸಿ, ದಾಟಿಸಿ, ಬ್ಯಾಗು ಹೇರಿದೆ. ತಲೆಯೆತ್ತಿದರೆ ಜೀಪು ಕಾಣಲಿಲ್ಲ.

ನಾನು ಇಚಲಕರಂಜಿ ಮುಟ್ಟಿದಾಗ ಅತ್ತಿಯ ಮನೆಯ ಬಾಗಿಲು ಹಾಕಿತ್ತು. ಒಳಗೆ ಇಬ್ಬರ ನಗು ಕೇಳುತ್ತಿತ್ತು. ಬಾಗಿಲು ಬಡಿದೆ.

"ಯಾರು?" ಅವ್ವನ ದನಿ.

"ನಾನು! ಬ್ಯಾಗು!"

"ಕಟ್ಟಿ ಮ್ಯಾಲ ಇಟ್ಟು ಹೋಗಪಾ," ಎಂದಳು ಅತ್ತಿ. "ನಾವು ಮಾತಾಡಾಕತ್ತೇವಿ."